ಮೊದಲು ನಿನ್ ಫೋನ್ ಕೊಡು

ಶ್ರೀರಂಗಪಟ್ಟಣದ ಸುತ್ತಮುತ್ತ ಕ್ಯಾಮೆರಾ ಆಸೆ ಹುಟ್ಟಿಸುವುದು ರಂಗನತಿಟ್ಟು. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಆ ನಡುಗಡ್ಡೆಗಳ ಬಳಿ ಭಾನುವಾರ ನಿಂತರೆ ಉದ್ದುದ್ದ ಲೆನ್ಸುಗಳದ್ದೇ ಮೆರವಣಿಗೆ. ಅದನ್ನು ಕಂಡೇ ಪಾಂಡವಪುರದ ನನ್ನ ತಂಗಿಯ ಮಗ ಶುರು ಹಚ್ಚಿಕೊಂಡ: "ಒಂದ್ ಕ್ಯಾಮ್ರಾ ಕೊಡ್ಸು ಮಾವ. ಜೂಮ್ ಮಾತ್ರ ಜೋರಾಗಿರ್ಬೇಕು."

"ಮೊದ್ಲು ನಿನ್ ಫೋನ್ ಕೊಡು" ಅಂದೆ.

ಹೊಸದಾಗಿ ಕ್ಯಾಮೆರಾ ಕೊಳ್ಳುವವರು ಯಾರೇ ಬಂದರೂ ಈಚೆಗೆ ನಾನು ಕೇಳುವುದು ಇಷ್ಟೇ. ಬಾಯಲ್ಲಿ ಹಕ್ಕಿ ಹಕ್ಕಿ ಎನ್ನುವವರು ಫೋನಿನಲ್ಲಿ ಬೇರೇನನ್ನೋ ತುಂಬಿಕೊಂಡಿರುತ್ತಾರೆ. ಇವನದರಲ್ಲೂ ಕೊಕ್ಕರೆ ಇತ್ತು, ಸಾಸಿವೆ ಕಾಳಿನಷ್ಟು. ಮಿಕ್ಕಿದ್ದೆಲ್ಲ ಆಲೆಮನೆ. ಕೊಪ್ಪರಿಗೆಯಲ್ಲಿ ಉಕ್ಕುವ ಕಬ್ಬಿನ ಹಾಲು, ಒಲೆಗೆ ರಚ್ಚು ತಳ್ಳುವ ಕೈ, ಹಬೆಯಲ್ಲಿ ಅರ್ಧ ಮುಚ್ಚಿದ ಮುಖ. ಒಂದೊಂದೂ ಅಲುಗಾಡಿ, ಮಬ್ಬಾಗಿ, ಕಾಳುಕಾಳಾಗಿ ಬಂದಿದ್ದವು. ಹುಡುಗನಿಗೆ ಕಣ್ಣಿದೆ, ಬೆಳಕು ಸಾಲುತ್ತಿಲ್ಲ ಅನ್ನಿಸಿತು.

ಅವನು ಕೇಳಿದಂಥ ಜೋರು ಜೂಮಿನ ಕ್ಯಾಮೆರಾ ಇಲ್ಲವೆಂದಲ್ಲ. ನಿಕಾನ್ ಪಿ1000 ಇದೆ, 125 ಪಟ್ಟು ಜೂಮ್, ತೂಕ ಸುಮಾರು 1,400 ಗ್ರಾಂ. ಹೊತ್ತುಕೊಂಡು ಕುಂತಿಬೆಟ್ಟ ಹತ್ತಿದರೆ ಗೊತ್ತಾಗುತ್ತದೆ! ಒಳ್ಳೆ ಬಿಸಿಲಲ್ಲಿ ಕೂತ ಹಕ್ಕಿಗೆ ಅದು ಸೊಗಸು. ಆದರೆ ಅದರ ಸೆನ್ಸರ್ ಅಗಲ 6 ಮಿ.ಮೀ. ಆಸುಪಾಸು. ಕ್ಯಾನನ್ 1500ಡಿಯಂಥ ಸಾಮಾನ್ಯ ಡಿಎಸ್‌ಎಲ್‌ಆರ್‌ನದು 22 ಮಿ.ಮೀ. ಆಲೆಮನೆಯ ಕತ್ತಲೆಗೆ ಚಿಕ್ಕ ಸೆನ್ಸರ್ ತಡೆಯುವುದಿಲ್ಲ.

ಹಾಗೆಂದು ಡಿಎಸ್‌ಎಲ್‌ಆರ್ ಜೊತೆ ಬರುವ 18-55 ಕಿಟ್ ಲೆನ್ಸ್ ಸಾಕೇ? ಹೊರಗಡೆಗೆ ಧಾರಾಳ ಸಾಕು. ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿನಲ್ಲಿ ಬೆಳಗಿನ ಓರೆ ಬಿಸಿಲು ಲಕ್ಷ್ಮೀನಾರಾಯಣ ದೇವಸ್ಥಾನದ ಗೋಡೆ ಸವರಿಕೊಂಡು ಹೋಗುವಾಗ ತಳದ ಆನೆಸಾಲಿನ ಒಂದೊಂದು ಸೊಂಡಿಲೂ ಎದ್ದು ಬರುತ್ತದೆ. ನೆತ್ತಿಯ ಬಿಸಿಲಿಗೆ ಅದೇ ಗೋಡೆ ಚಪ್ಪಟೆ. ಅಲ್ಲಿ ಬೇಕಾದದ್ದು ಬೇಗ ಏಳುವ ಅಭ್ಯಾಸ. ಒಳಗೆ ಕಾಲಿಟ್ಟರೆ ಕಥೆ ಬೇರೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಮೊದಲೇ ಅನುಮತಿ ಪಡೆದಿರಬೇಕು. ಕೈಯಲ್ಲೇ ಹಿಡಿದು ತೆಗೆಯಬೇಕಾದಾಗ 50 ಮಿ.ಮೀ. ಎಫ್/1.8 ಲೆನ್ಸ್ ಕೈಹಿಡಿಯುತ್ತದೆ. ಪೂರ್ತಿ ಜೂಮ್ ಮಾಡಿದ ಕಿಟ್ ಲೆನ್ಸ್ ಎಫ್/5.6ಕ್ಕೆ ನಿಲ್ಲುತ್ತದೆ, ಇದು ಅದಕ್ಕಿಂತ ಹತ್ತಿರಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಅಲ್ಲಿ ಸೆಕೆಂಡಿನ 1/6 ಬೇಕಾದರೆ ಇಲ್ಲಿ 1/60 ಸಾಕು. ಮೇಲುಕೋಟೆಯ ವೈರಮುಡಿ ರಾತ್ರಿಗೂ, ನಾಗಮಂಗಲದಲ್ಲಿ ಹಿತ್ತಾಳೆ ಕೆಲಸ ಮಾಡುವವರ ಕೊಟ್ಟಿಗೆಗೂ ಇದೇ ಲೆಕ್ಕ. ತೀರ ಇಕ್ಕಟ್ಟಾದ ಜಾಗವಾದರೆ 35 ಮಿ.ಮೀ. ಇನ್ನೂ ಅನುಕೂಲ.

ಬಾಡಿ ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ, ನನ್ನ ಮಟ್ಟಿಗೆ ಅದೇ ಜಾಣತನ. ಲೆನ್ಸನ್ನು ಮಾತ್ರ ಕೈಗೆ ತೆಗೆದುಕೊಂಡು, ಹಿಂದಿನಿಂದ ಫೋನ್ ಟಾರ್ಚ್ ಬಿಟ್ಟು ನೋಡಬೇಕು. ಒಳಗಾಜಿನ ಮೇಲೆ ಸಣ್ಣ ಬಿಳಿ ಎಳೆಗಳು ಹಬ್ಬಿದ್ದರೆ ಫಂಗಸ್. ವಾಪಸ್ ಕೊಟ್ಟು ಬನ್ನಿ. ಹೊಳೆ, ನಾಲೆ, ಗದ್ದೆಗಳ ತೇವದ ನಾಡು ನಮ್ಮದು, ತಂದ ಮೇಲೂ ಸಿಲಿಕಾ ಜೆಲ್ ಹಾಕಿದ ಬಿಗಿಮುಚ್ಚಳದ ಡಬ್ಬಿಯಲ್ಲೇ ಇಡಬೇಕು. ನಿಕಾನ್ ಕೊಳ್ಳುವವರು ಇನ್ನೊಂದು ನೋಡಿಕೊಳ್ಳಿ: 3000, 5000 ಸಾಲಿನ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇರುವುದಿಲ್ಲ. ಅಗ್ಗವೆಂದು ಹಳೆಯ ಎಎಫ್-ಡಿ ಲೆನ್ಸ್ ತಂದರೆ ಕೈಯಲ್ಲೇ ತಿರುಗಿಸುತ್ತ ಕೂರಬೇಕಾಗುತ್ತದೆ.

ಕೊನೆಗೆ ಹಳೆಯ ಬಾಡಿಯೊಂದು, 50 ಮಿ.ಮೀ. ಲೆನ್ಸೊಂದು ಬಂತು. ಮೊದಮೊದಲು ಮುಖ ಊದಿಸಿಕೊಂಡೇ ಆಲೆಮನೆಗೆ ಹೊತ್ತೊಯ್ದ. ಈಗ ಬೆಲ್ಲ ಅಚ್ಚಿಗೆ ಬೀಳುವ ಹೊತ್ತು ಅವನಿಗೆ ಬಾಯಿಪಾಠ. ರಂಗನತಿಟ್ಟಿನ ಹುಚ್ಚೇನೂ ಬಿಟ್ಟಿಲ್ಲ. ಅಲ್ಲಿ ದೋಣಿ ಗೂಡುಗಳ ಹತ್ತಿರವೇ ಹಾಯುವುದರಿಂದ 300 ಮಿ.ಮೀ. ಲೆನ್ಸ್ ಇದ್ದರಾಯಿತು, ಮೈಸೂರಿನಲ್ಲಿ ದಿನಬಾಡಿಗೆಗೆ ಸಿಗುತ್ತದೆ. ಬಾಡಿಗೆ ದುಡ್ಡು ಮಾವನೇ ಕೊಡಬೇಕಂತೆ.