ಮೂರೂವರೆ ರೂಪಾಯಿ ಬಡ್ಡಿ

ಮೊದಲ ಸಂಬಳ ಬಂದು ಇನ್ನೂ ಮೂರು ತಿಂಗಳಾಗಿಲ್ಲ, ಆಗಲೇ ನಿನ್ನ ಜೇಬಿನಲ್ಲಿ ಎರಡು ಕ್ರೆಡಿಟ್ ಕಾರ್ಡು. ಮೊನ್ನೆ ಹಬ್ಬಕ್ಕೆ ಬಂದಾಗ ತೋರಿಸಿದೆಯಲ್ಲ, "ಅಜ್ಜಾ, ಇದರಲ್ಲಿ ಒಂದೂವರೆ ಲಕ್ಷ ಇದೆ" ಅಂತ. ಮುಖ ಹೇಗೆ ಅರಳಿತ್ತು! ಆ ಒಂದೂವರೆ ಲಕ್ಷದಲ್ಲಿ ಒಂದು ರೂಪಾಯಿಯೂ ನಿನ್ನದಲ್ಲ ಅಂತ ಅಲ್ಲೇ ಹೇಳಬಹುದಿತ್ತು. ಹೋಳಿಗೆ ತಿನ್ನುತ್ತಾ ಕೂತವರಿಗೆ ಬುದ್ಧಿ ಹೇಳಬಾರದು ಅಂತ ಸುಮ್ಮನಾದೆ. ಈಗ ಹೇಳುತ್ತೇನೆ, ಕೇಳು.

ಹೆದರಬೇಡ. ಕಾರ್ಡನ್ನು ಕತ್ತರಿಸಿ ಬಿಸಾಕು ಅನ್ನುವವನು ನಾನಲ್ಲ. ದಾವಣಗೆರೆಯಲ್ಲಿ ನಲವತ್ತು ವರ್ಷ ಕಿರಾಣಿ ಅಂಗಡಿ ನಡೆಸಿದವನು. ಗಲ್ಲಾಪೆಟ್ಟಿಗೆಯ ಮೇಲೆ "ಇಂದು ನಗದು, ನಾಳೆ ಉದ್ರಿ" ಅಂತ ಬೋರ್ಡು ತೂಗುತ್ತಿತ್ತು, ಕೆಳಗೇ ಉದ್ರಿ ಪುಸ್ತಕ ಬಿಚ್ಚಿಕೊಂಡಿರುತ್ತಿತ್ತು. ಉದ್ರಿ ಕೊಡದೆ ಅಂಗಡಿ ನಡೆಯುತ್ತಿರಲಿಲ್ಲ. ಆಗ ಊರಲ್ಲಿ ಹತ್ತಿ ಗಿರಣಿಗಳು ಓಡುತ್ತಿದ್ದ ಕಾಲ. ಗಿರಣಿಯ ಜನ ತಿಂಗಳಿಡೀ ಅಕ್ಕಿ, ಬೇಳೆ, ಎಣ್ಣೆ ಬರೆಸಿ ಒಯ್ಯುತ್ತಿದ್ದರು. ಪಗಾರದ ದಿನ ಸಂಜೆ ಸೈಕಲ್ ನಿಲ್ಲಿಸಿ, "ಎಷ್ಟಾತು ನೋಡ್ರೀ" ಅನ್ನುತ್ತಿದ್ದರು. ಓದಿ ಹೇಳಿದರೆ ಪೂರ್ತಿ ಎಣಿಸಿಟ್ಟು, ಅವರ ಮುಂದೆಯೇ ಗೆರೆ ಎಳೆಸಿ ಹೋಗುತ್ತಿದ್ದರು. ಒಂದು ಪೈಸೆ ಬಡ್ಡಿಯಿಲ್ಲ. ನನ್ನ ಬಂಡವಾಳದಲ್ಲಿ ಅವರ ಮನೆಯ ಒಲೆ ಒಂದು ತಿಂಗಳು ಉರಿಯಿತು, ಅಷ್ಟೇ.

ನಿನ್ನ ಕಾರ್ಡೂ ಅಂಥದೇ ಉದ್ರಿ ಪುಸ್ತಕ. ಪಗಾರದ ಸಂಜೆ ಪೂರ್ತಿ ಚುಕ್ತಾ ಮಾಡುವವನಿಗೆ ಅದು ಪುಗಸಟ್ಟೆ ಉಪಕಾರ. ನಿನ್ನ ಬಿಲ್ಲು ತಿಂಗಳ 15ಕ್ಕೆ ತಯಾರಾಗುತ್ತದೆ, ಕಟ್ಟಲು ಮುಂದಿನ ತಿಂಗಳ 5ರವರೆಗೆ ಗಡುವು ಅಂದೆಯಲ್ಲ. ಹಾಗಿದ್ದರೆ ಜೂನ್ 16ಕ್ಕೆ ಕೊಂಡ ಸಾಮಾನು ಜುಲೈ 15ರ ಬಿಲ್ಲಿಗೆ ಬರುತ್ತದೆ, ಆಗಸ್ಟ್ 5ಕ್ಕೆ ಕಟ್ಟಿದರೆ ಸಾಕು. ಐವತ್ತು ದಿನ ಬಡ್ಡಿಯಿಲ್ಲದ ಸಾಲ. ಅದನ್ನೇ ಜೂನ್ 14ಕ್ಕೆ ಕೊಂಡೆ ಅಂದುಕೋ, ಜುಲೈ 5ಕ್ಕೇ ಕಟ್ಟಬೇಕು. ಇಪ್ಪತ್ತೊಂದೇ ದಿನ. ಬಿಲ್ಲಿನದು, ಗಡುವಿನದು, ಆ ಎರಡು ತಾರೀಖು ನಿನ್ನ ಬಾಯಲ್ಲಿರಬೇಕು. ಮೊನ್ನೆ ಕೇಳಿದಾಗ ಒಂದು ಕಾರ್ಡಿನದು ಹೇಳಿದೆ, ಇನ್ನೊಂದರದು ಫೋನಿನಲ್ಲಿ ಹುಡುಕಿದೆ. ನನಗೆ ಚಿಂತೆ ಹತ್ತಿದ್ದು ಅಲ್ಲೇ.

ಇನ್ನು ಬಡ್ಡಿ. ಕಾರ್ಡಿನವರು ಅದನ್ನು ಸಣ್ಣಗೆ, "ಶೇಕಡಾ 3.5" ಅಂತ ಬರೆದಿರುತ್ತಾರೆ. ಓದಿದವರಿಗೆ ಅದು ಏನೂ ಅಲ್ಲ ಅನ್ನಿಸುತ್ತದೆ. ನಮ್ಮ ಭಾಷೆಯಲ್ಲಿ ಹೇಳಲಾ? ಮೂರೂವರೆ ರೂಪಾಯಿ ಬಡ್ಡಿ. ನೂರಕ್ಕೆ, ತಿಂಗಳಿಗೆ. ನಿನ್ನ ಅಜ್ಜಿ ಇದ್ದಿದ್ದರೆ ಎದೆ ಬಡಿದುಕೊಳ್ಳುತ್ತಿದ್ದಳು. ನಮ್ಮ ಓಣಿಯಲ್ಲಿ ಎರಡು ರೂಪಾಯಿ ಬಡ್ಡಿ ಅಂದರೆ ಜನ ಹಿಂದೆಮುಂದೆ ನೋಡುತ್ತಿದ್ದರು. ಮೂರು ರೂಪಾಯಿ ಬಡ್ಡಿಯವನ ಮನೆ ಮೆಟ್ಟಿಲು ಹತ್ತಿದವನ ಬಗ್ಗೆ ಹೆಂಗಸರು ನಲ್ಲಿ ಹತ್ತಿರ ಪಿಸುಗುಟ್ಟುತ್ತಿದ್ದರು. ನೀನು ಎ.ಸಿ. ರೂಮಿನಲ್ಲಿ ಕೂತು, ಹೊಳೆಯುವ ಕಾಗದಕ್ಕೆ ಸಹಿ ಹಾಕಿ, ಅದಕ್ಕಿಂತ ಹೆಚ್ಚಿನ ಬಡ್ಡಿಗೆ ಒಪ್ಪಿಕೊಂಡು ಬಂದಿದ್ದೀಯ. ವರ್ಷಕ್ಕೆ ಲೆಕ್ಕ ಹಾಕಿದರೆ ಶೇಕಡಾ 42. ಅದರ ಮೇಲೆ 18ರ ಜಿಎಸ್‌ಟಿ, ಬಡ್ಡಿಗೂ ತೆರಿಗೆ. ಕೆಲವು ಕಾರ್ಡುಗಳಲ್ಲಿ ಬಡ್ಡಿ ಇನ್ನೂ ಒಂದಿಷ್ಟು ಹೆಚ್ಚಿದೆ.

ಸರಕಾರ, ಕೋರ್ಟು ನೋಡಿಕೊಳ್ಳುತ್ತದೆ ಅಂದುಕೊಳ್ಳಬೇಡ. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ, ವರ್ಷಕ್ಕೆ ಶೇಕಡಾ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನ್ಯಾಯ ಎಂದಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ತಳ್ಳಿಹಾಕಿತು. ಪತ್ರಿಕೆಯಲ್ಲಿ ಓದಿ ನನಗೆ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ.

ಈಗ ಬಿಲ್ಲಿನಲ್ಲಿ ಎರಡು ಅಂಕಿ ಇರುತ್ತವೆ ನೋಡು. ಒಂದು ಒಟ್ಟು ಬಾಕಿ, ಇನ್ನೊಂದು ಮಿನಿಮಮ್. ಆ ಎರಡನೆಯ ಅಂಕಿಯೇ ಎಷ್ಟೋ ಮನೆ ಕೆಡಿಸಿದ್ದು. ಐವತ್ತು ಸಾವಿರ ಬಾಕಿ ಇದೆ ಅನ್ನು. ಮಿನಿಮಮ್ ಅಂತ ಎರಡೂವರೆ ಸಾವಿರ ಕೇಳುತ್ತಾರೆ ಅನ್ನು. "ಅಬ್ಬಾ, ಎರಡೂವರೆ ಸಾವಿರ ತಾನೆ" ಅಂತ ಕಟ್ಟಿ ನಿದ್ದೆ ಹೋಗುತ್ತೀಯ. ಪೆನ್ನು ತಗೊಂಡು ಲೆಕ್ಕ ಹಾಕು. ಐವತ್ತು ಸಾವಿರಕ್ಕೆ ಮೂರೂವರೆ ರೂಪಾಯಿಯಂತೆ ಒಂದು ತಿಂಗಳ ಬಡ್ಡಿ 1,750. ಅದಕ್ಕೆ ಜಿಎಸ್‌ಟಿ 315. ಒಟ್ಟು 2,065. ನೀನು ಕಟ್ಟಿದ 2,500ರಲ್ಲಿ ಅಸಲಿಗೆ ಹೋದದ್ದು ಬರೀ 435 ರೂಪಾಯಿ! ಮಿನಿಮಮ್ ಹಾಕುವ ರೀತಿ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ಆದರೆ ರುಚಿ ಎಲ್ಲ ಕಡೆ ಒಂದೇ. ಹೀಗೆ ಕಟ್ಟುತ್ತಾ ಹೋದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆ ಅಂತ ಪ್ರತಿ ಬಿಲ್ಲಿನಲ್ಲೂ ಎದ್ದು ಕಾಣುವ ಹಾಗೆ ಎಚ್ಚರಿಕೆ ಬರೆಯಲೇಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಹೇಳುತ್ತದೆ. ಬರೆದಿರುತ್ತಾರೆ. ನೀನು ಓದಿರುವುದಿಲ್ಲ.

ಇನ್ನೊಂದು ಮಾತು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಬಾಕಿ ಸ್ವಲ್ಪ ಉಳಿಸಿದರೂ ಆ ಐವತ್ತು ದಿನದ ಉಪಕಾರ ಮಾಯ. ಉಳಿದದ್ದಕ್ಕೆ ಬಡ್ಡಿ ಹತ್ತುವುದು ಗಡುವಿನ ದಿನದಿಂದಲ್ಲ, ನೀನು ಸಾಮಾನು ಕೊಂಡ ದಿನದಿಂದ. ಅಷ್ಟೇ ಅಲ್ಲ, ಹಳೇ ಬಾಕಿ ತೀರುವ ತನಕ ಹೊಸದಾಗಿ ಕೊಂಡದ್ದಕ್ಕೂ ಅಂದಿನಿಂದಲೇ ಬಡ್ಡಿ. ಇವತ್ತು ಬೆಳಿಗ್ಗೆ ಕುಡಿದ ಕಾಫಿಗೆ ಇವತ್ತೇ ಬಡ್ಡಿ. ನನ್ನ ಅಂಗಡಿಯಲ್ಲಿ ಹಾಗೆ ಮಾಡಿದ್ದರೆ ಜನ ಕಲ್ಲು ಹೊಡೆಯುತ್ತಿದ್ದರು.

ಗಿರಣಿಯ ಒಬ್ಬನ ಕಥೆ ಹೇಳುತ್ತೇನೆ. ಒಳ್ಳೆಯ ಮನುಷ್ಯ, ನಗುಮುಖ. ಒಂದು ಮದುವೆಯ ಖರ್ಚಿನಲ್ಲಿ ಪೂರ್ತಿ ಚುಕ್ತಾ ಮಾಡಲು ಆಗಲಿಲ್ಲ, ಹತ್ತು ರೂಪಾಯಿ ಕೊಟ್ಟು "ಉಳಿದದ್ದು ಮುಂದಿನ ಪಗಾರಕ್ಕೆ" ಅಂದ. ಮುಂದಿನ ಪಗಾರಕ್ಕೂ ಹತ್ತೇ ಕೊಟ್ಟ, ನಲವತ್ತರದು ಹೊಸದಾಗಿ ಬರೆಸಿದ. ಬಾಕಿ ಇನ್ನೂರ ನಲವತ್ತಕ್ಕೆ ಬಂತು. ಆಮೇಲೆ ಅವನು ನಮ್ಮ ಅಂಗಡಿ ಮುಂದೆ ಹಾಯುವುದನ್ನೇ ಬಿಟ್ಟ. ಹಿಂದಿನ ಸಂದಿ ಹಿಡಿದು, ಸುತ್ತು ಹಾಕಿ ಗಿರಣಿಗೆ ಹೋಗುತ್ತಿದ್ದ. ನಾನು ಬೈದವನಲ್ಲ, ಹೆಸರು ಹಿಡಿದು ಕೂಗಿದವನಲ್ಲ. ಅವನಿಗೆ ನನ್ನ ಮುಖ ಕಂಡರೆ ಪುಸ್ತಕ ನೆನಪಾಗುತ್ತಿತ್ತು. ಬಾಕಿ ಎಷ್ಟಿದೆ ಅಂತ ಕೇಳಲೂ ಅವನಿಗೆ ಧೈರ್ಯ ಬರಲಿಲ್ಲ.

ನಿನ್ನ ವಯಸ್ಸಿನವರಲ್ಲಿ ಅದೇ ಚಾಳಿ ಕಾಣುತ್ತೇನೆ. ಬಿಲ್ಲಿನ ಇಮೇಲು ಬಂದರೆ ತೆರೆಯುವುದಿಲ್ಲ, ಮೆಸೇಜು ಬಂದರೆ ಬೆರಳಿನಿಂದ ಪಕ್ಕಕ್ಕೆ ತಳ್ಳುತ್ತೀರಿ. ಅದು ಹಿಂದಿನ ಸಂದಿಯೇ. ನಾಚಿಕೆಯಿಂದ ಆ ಸಂದಿಗೆ ಹೊಕ್ಕವರು ಒಳ್ಳೆಯವರೇ. ಕೆಟ್ಟವರಿಗೆ ನಾಚಿಕೆ ಎಲ್ಲಿಂದ ಬರಬೇಕು? ಆದರೆ ನೀನು ಸಂದಿ ಸುತ್ತುತ್ತಿದ್ದರೂ ಬಡ್ಡಿ ಹೆದ್ದಾರಿಯಲ್ಲೇ ನಡೆಯುತ್ತದೆ.

ದಿನಾ ಮಲಗುವ ಮುಂಚೆ ಒಂದು ಸಲ ಆ್ಯಪ್ ತೆರೆದು ಇವತ್ತು ಎಷ್ಟು ಬರೆಸಿದೆ ಅಂತ ನೋಡು. ಎರಡೇ ನಿಮಿಷ. ಅಂಗಡಿ ಬಾಗಿಲು ಹಾಕುವಾಗ ನಾನು ಗಲ್ಲಾ ಎಣಿಸದೆ ಒಂದು ದಿನವೂ ಮನೆಗೆ ಹೋದವನಲ್ಲ, ಜ್ವರ ಬಂದ ದಿನವೂ. ಈಗ ರುಪೇ ಕಾರ್ಡನ್ನು ಯುಪಿಐಗೆ ಜೋಡಿಸಿ ಮಿರ್ಚಿ ಮಂಡಕ್ಕಿಗೂ ಸ್ಕ್ಯಾನ್ ಮಾಡುತ್ತೀರಿ. ನಲವತ್ತು, ಅರವತ್ತು, ನೂರಿಪ್ಪತ್ತು. ಕೈಯಿಂದ ನೋಟು ಹೋದರೆ ಕೈಗೆ ಗೊತ್ತಾಗುತ್ತದೆ, ಹೀಗೆ ಹೋದದ್ದು ಗೊತ್ತಾಗುವುದಿಲ್ಲ. ತಿಂಗಳ ಕೊನೆಗೆ ಹನ್ನೊಂದು ಸಾವಿರ ನೋಡಿ, "ಯಾರೋ ಮೋಸ ಮಾಡಿದ್ದಾರೆ" ಅಂತ ಫೋನ್ ಮಾಡಿದೆಯಲ್ಲ ನನಗೆ? ಸಾಲು ಸಾಲಾಗಿ ಓದಿಸಿದೆ. ಎಲ್ಲ ನಿನ್ನ ಹೊಟ್ಟೆಗೇ ಹೋಗಿತ್ತು.

ಆಟೋ ಪೇ ಹಾಕಿಸಿದ್ದೇನೆ, ಇನ್ನು ಮರೆವಿನ ಭಯವಿಲ್ಲ ಅಂದೆ. ಒಳ್ಳೆಯದು. ಯಾವುದಕ್ಕೆ ಹಾಕಿಸಿದ್ದೀಯ, ಒಟ್ಟು ಬಾಕಿಗೋ ಮಿನಿಮಮ್ಮಿಗೋ? ನಮ್ಮ ಪಕ್ಕದ ಮನೆಯ ಹುಡುಗ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ಏಳು ತಿಂಗಳು ಎಲ್ಲ ತಾನಾಗಿಯೇ ಕಟ್ಟಿಹೋಗುತ್ತಿದೆ ಅಂದುಕೊಂಡಿದ್ದ. ಹೋಗುತ್ತಿದ್ದದ್ದು ಮಿನಿಮಮ್ ಮಾತ್ರ. ಅವನ ಖಾತೆಯಲ್ಲಿ ದುಡ್ಡಿತ್ತು, ಕಟ್ಟುವ ಮನಸ್ಸಿತ್ತು, ಒಂದು ಗುಂಡಿ ತಪ್ಪು ಒತ್ತಿದ್ದ. ಬಡ್ಡಿ ಮಾತ್ರ ಬಿಡಲಿಲ್ಲ. ಆಟೋ ಪೇ ಹೋಗುವ ದಿನ ಖಾತೆಯಲ್ಲಿ ದುಡ್ಡಿರದಿದ್ದರೆ ಇನ್ನೊಂದು ಫಜೀತಿ, ದಂಡ ಎರಡು ಕಡೆ. ಗಡುವು ಮುಗಿದು ಮೂರು ದಿನ ದಾಟಿದ ಮೇಲೆ ಮಾತ್ರ ತಡದ ದಂಡ ಹಾಕಬೇಕು ಅಂತ ನಿಯಮವಿದೆ, ನಿಜ. ಆ ಮೂರು ದಿನವನ್ನು ರಜೆ ಅಂದುಕೊಳ್ಳಬೇಡ, ನೀನೇ ಮೂರು ದಿನ ಮುಂಚೆ ಕಟ್ಟು.

ಎಟಿಎಮ್ಮಿಗೆ ಈ ಕಾರ್ಡು ಹಾಕಿ ನಗದು ಎಳೆಯಬೇಡ, ಸ್ನೇಹಿತನಿಗೆ ಎಂಥ ತುರ್ತೇ ಇರಲಿ. ಸಾಮಾನ್ಯವಾಗಿ ಶೇಕಡಾ ಎರಡೂವರೆ ಶುಲ್ಕ, ಕಡಿಮೆಯೆಂದರೂ ಐನೂರು ರೂಪಾಯಿ, ಅದಕ್ಕೆ ಜಿಎಸ್‌ಟಿ. ಹತ್ತು ಸಾವಿರ ಎಳೆದರೆ ಐನೂರ ತೊಂಬತ್ತು ಅಲ್ಲೇ ಹೋಯಿತು. ಬಡ್ಡಿ ಆ ಕ್ಷಣದಿಂದಲೇ ಶುರು, ಐವತ್ತು ದಿನದ ಮಾತೇ ಇಲ್ಲ.

'ನೋ ಕಾಸ್ಟ್ ಇಎಂಐ' ಅಂದರೂ ಪುಕ್ಕಟೆಯಲ್ಲ. ಬಡ್ಡಿಯನ್ನು ರಿಯಾಯಿತಿ ಅಂತ ತೋರಿಸಿ ಕಳೆಯುತ್ತಾರೆ, ಆ ಬಡ್ಡಿಯ ಮೇಲಿನ ಜಿಎಸ್‌ಟಿ ನಿನ್ನಿಂದಲೇ ಬರುತ್ತದೆ, ಎಷ್ಟೋ ಕಡೆ ಪ್ರೊಸೆಸಿಂಗ್ ಶುಲ್ಕ ಬೇರೆ. ಫ್ರಿಜ್ಜು ಬೇಕೇಬೇಕಿದ್ದರೆ ತಗೋ, ತಪ್ಪಿಲ್ಲ. ಕಂತು ಸಣ್ಣದು ಅಂತ ಬೇಡದ್ದನ್ನು ಕೊಳ್ಳಬೇಡ. ಪಾಯಿಂಟಿನ ಆಸೆಗೂ ಅಷ್ಟೇ. ನೂರಕ್ಕೆ ಒಂದು ರೂಪಾಯಿ ವಾಪಸ್ ಕೊಡುವವನು ಮೂರೂವರೆ ರೂಪಾಯಿಗೆ ಕಾದು ಕೂತಿರುತ್ತಾನೆ. ನನಗೆ ಪೂರ್ತಿ ಚುಕ್ತಾ ಮಾಡುವವನೇ ಒಳ್ಳೆಯ ಗಿರಾಕಿ, ಕಾರ್ಡಿನವರಿಗೆ ಹೆಚ್ಚು ದುಡ್ಡು ತರುವವನು ತುಸು ತುಸು ಕಟ್ಟುವವನು. ನೀನು ನನ್ನ ಅಂಗಡಿಯ ಗಿರಾಕಿಯ ಹಾಗೇ ಇರು.

ಆ ಗಿರಣಿಯವನ ಕಥೆ ಅರ್ಧಕ್ಕೆ ಬಿಟ್ಟೆ. ಒಂದು ಸಂಜೆ ಅವನ ಹೆಂಡತಿ ಬಂದಳು. "ಅಣ್ಣಾ, ಪುಸ್ತಕ ಓದಿ, ಎಲ್ಲಾ ಓದಿ" ಅಂದಳು. ಅಂಗಡಿ ತುಂಬ ಜನ. ನಾನು ಹಿಂಜರಿದೆ, ಅವಳು ಬಿಡಲಿಲ್ಲ. ಇನ್ನೂರ ನಲವತ್ತು ಅಂತ ಕೇಳಿದಾಗ ಮುಖ ಒಂದಿಷ್ಟೂ ಬದಲಾಗಲಿಲ್ಲ. ಮೂವತ್ತು ರೂಪಾಯಿ ಎಣಿಸಿಟ್ಟು, "ಇವತ್ತಿನಿಂದ ನಮ್ಮ ಹೆಸರಲ್ಲಿ ಏನೂ ಬರೀಬೇಡಿ, ಯಾರು ಕೇಳಿದರೂ" ಅಂದಳು. ಅಂದಿನ ಅರ್ಧ ಸೇರು ಅಕ್ಕಿಗೆ ನಗದು ಕೊಟ್ಟಳು. ಎಂಟು ಪಗಾರಕ್ಕೆ ಬಾಕಿ ತೀರಿತು. ಒಂಬತ್ತನೇ ಪಗಾರದ ದಿನ ಅವನು ನಮ್ಮ ಅಂಗಡಿ ಮುಂದೆ ಸೈಕಲ್ ಬೆಲ್ಲು ಹೊಡೆದುಕೊಂಡೇ ಹೋದ.

ನೀನು ಎಂದಾದರೂ ಸಿಕ್ಕಿಬಿದ್ದರೆ ಆ ಹೆಣ್ಣುಮಗಳು ಮಾಡಿದ್ದನ್ನೇ ಮಾಡು. ಮೊದಲು ಕಾರ್ಡು ಬಳಸುವುದನ್ನು ನಿಲ್ಲಿಸು. ಪೂರ್ತಿ ಮೊತ್ತ ಎಷ್ಟು ಅಂತ ಬಾಯಿಬಿಟ್ಟು ಹೇಳು, ನಿಮ್ಮಪ್ಪನಿಗೋ ನನಗೋ. ಒಂದು ಕಾರ್ಡಿನ ಬಾಕಿಗೆ ಇನ್ನೊಂದು ಕಾರ್ಡು ತೆಗೆಸಬೇಡ. ಬ್ಯಾಂಕಿನ ಒಡವೆ ಸಾಲಕ್ಕೆ ಇದಕ್ಕಿಂತ ಎಷ್ಟೋ ಕಡಿಮೆ ಬಡ್ಡಿ. ನಿನ್ನ ಅಜ್ಜಿಯ ಎರಡೆಳೆ ಸರ ಪೆಟ್ಟಿಗೆಯಲ್ಲಿ ಸುಮ್ಮನೆ ಕೂತಿದೆ, ಅವಳೇನೂ ಬೇಜಾರು ಮಾಡಿಕೊಳ್ಳುವವಳಲ್ಲ. ಆ ದುಡ್ಡಿನಿಂದ ಕಾರ್ಡು ಚುಕ್ತಾ ಮಾಡಿ, ಸರವನ್ನು ತಿಂಗಳಿಗಿಷ್ಟು ಅಂತ ಬಿಡಿಸಿಕೊಂಡು ಬಾ. ನಾನು ಬೈಯುತ್ತೇನೆ, ಅದು ಖಂಡಿತ. ಐದು ನಿಮಿಷ ಬೈಯುತ್ತೇನೆ, ಆಮೇಲೆ ಊಟಕ್ಕೆ ಕೂಡಿಸುತ್ತೇನೆ.

ಆ ಎರಡನೇ ಕಾರ್ಡು ನಿನಗೆ ಯಾಕೆ ಬೇಕು ಅಂತ ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ. "ಫ್ರೀ ಕೊಟ್ಟರು" ಅನ್ನುವುದು ಉತ್ತರವಲ್ಲ. ಬೇಡವಾದರೆ ಬಾಕಿ ತೀರಿಸಿ, ಮುಚ್ಚಿ ಅಂತ ಬರೆದು ಕೇಳು. ಏಳು ಕೆಲಸದ ದಿನದೊಳಗೆ ಮುಚ್ಚದಿದ್ದರೆ ಮುಂದಿನ ಒಂದೊಂದು ದಿನಕ್ಕೂ ಐನೂರು ರೂಪಾಯಿ ಅವರು ನಿನಗೇ ಕೊಡಬೇಕು, ಅದೂ ರಿಸರ್ವ್ ಬ್ಯಾಂಕಿನ ನಿಯಮವೇ.

ಸರಿ, ಫೋನು ತೆಗೆ. ಆಟೋ ಪೇ ಎಲ್ಲಿದೆ ತೋರಿಸು. ಒಟ್ಟು ಬಾಕಿ ಅಂತಿದೆಯೋ ಮಿನಿಮಮ್ ಅಂತಿದೆಯೋ ಗಟ್ಟಿಯಾಗಿ ಓದು, ನನ್ನ ಕನ್ನಡಕ ಒಳಗಿದೆ.