ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಮಾಡಬೇಕೆಂದಿರುವವರಿಗೆ

ಪರ್ತ್, ಬ್ರಿಸ್ಬೇನ್, ಅಡಿಲೇಡ್‌ಗಳಿಗೆ ಬಂದು ನೆಲೆಸುವ ಕನ್ನಡದ ಹೆಣ್ಣುಮಕ್ಕಳಲ್ಲಿ ಊರಿನಲ್ಲಿ ಬಿ.ಎಡ್. ಮುಗಿಸಿ ಕೆಲವು ವರ್ಷ ಪಾಠ ಮಾಡಿದವರು ಇರುತ್ತಾರೆ. ಬಾಡಿಗೆ ಮನೆ, ಗಂಡನ ಕೆಲಸ, ಮಗುವಿನ ಶಾಲೆ ಎಲ್ಲ ಒಂದು ಹದಕ್ಕೆ ಬರುವ ಹೊತ್ತಿಗೆ ಯಾರೋ ಒಬ್ಬರು ‘ನಮ್ಮ ಡಿಗ್ರಿ ಇಲ್ಲಿ ನಡೆಯೋದಿಲ್ಲ’ ಎಂದಿರುತ್ತಾರೆ. ಅದನ್ನು ನಂಬಿ ಸಿಕ್ಕ ಕೆಲಸಕ್ಕೆ ಸೇರಿಬಿಡುತ್ತಾರೆ. ಆ ಮಾತು ನಿಜವಲ್ಲ. ಡಿಗ್ರಿ ನಡೆಯುತ್ತದೆ, ಆದರೆ ಕಾಗದಪತ್ರದ ಕೆಲಸ ಉದ್ದವಾಗಿದೆ, ತಾಳ್ಮೆ ಬೇಕು. ಅಂಥವರಿಗೆ ಈ ಮೂರು ನಗರಗಳ ಹೆಣ್ಣುಮಕ್ಕಳ ಶಾಲೆಗಳು ಒಳ್ಳೆಯ ನೆಲೆ ಎಂಬುದು ನನ್ನ ನಂಬಿಕೆ.

ಮೊದಲು ಈ ಶಾಲೆಗಳ ಹಿನ್ನೆಲೆ ಸ್ವಲ್ಪ ತಿಳಿದಿರಲಿ. ಪರ್ತ್‌ನ ಮರ್ಸಿಡಿಸ್ ಕಾಲೇಜು ಶುರುವಾದದ್ದು 1846ರಲ್ಲಿ, ಅರ್ಸುಲಾ ಫ್ರೇನ್ ಎಂಬ ಐರಿಷ್ ಸಿಸ್ಟರ್ ಮತ್ತು ಅವರ ಸಂಗಡಿಗರಿಂದ. ಸಾವಿತ್ರಿಬಾಯಿ ಫುಲೆ ಪುಣೆಯಲ್ಲಿ ಪಾಠ ಆರಂಭಿಸುವುದಕ್ಕೆ ಎರಡು ವರ್ಷ ಮೊದಲು. ಅಡಿಲೇಡ್‌ನಲ್ಲಿ ಸರ್ಕಾರವೇ 1879ರಲ್ಲಿ ‘ಅಡ್ವಾನ್ಸ್‌ಡ್ ಸ್ಕೂಲ್ ಫಾರ್ ಗರ್ಲ್ಸ್’ ತೆರೆಯಿತು. ನಮ್ಮ ಮೈಸೂರಿನ ಮಹಾರಾಣಿ ಶಾಲೆ ಹುಟ್ಟಿದ್ದು 1881ರಲ್ಲಿ. ಬ್ರಿಸ್ಬೇನ್ ಗರ್ಲ್ಸ್ ಗ್ರಾಮರ್ 1875ರದ್ದು. ಅಂದರೆ ಹೆಣ್ಣುಮಕ್ಕಳಿಗೆ ಗಣಿತ, ವಿಜ್ಞಾನ ಕಲಿಸಬೇಕೋ ಬೇಡವೋ ಎಂಬ ಜಗಳ ಇಲ್ಲಿಯೂ ಅಲ್ಲಿಯೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ನಡೆದಿದೆ. ಆ ಜಗಳದಲ್ಲಿ ಗೆದ್ದವರು ಕಟ್ಟಿದ ಶಾಲೆಗಳು ಇವು. ಅಡಿಲೇಡ್‌ನ ಸೇಂಟ್ ಅಲೋಶಿಯಸ್‌ನಲ್ಲಿ ಓದಿದ ರೋಮಾ ಮಿಚೆಲ್ 1965ರಲ್ಲಿ ಆಸ್ಟ್ರೇಲಿಯಾದ ಸುಪ್ರೀಂ ಕೋರ್ಟೊಂದರ ಮೊದಲ ಮಹಿಳಾ ನ್ಯಾಯಾಧೀಶೆಯಾದರು, 1991ರಲ್ಲಿ ರಾಜ್ಯವೊಂದರ ಮೊದಲ ಮಹಿಳಾ ಗವರ್ನರ್ ಆದರು. ಬ್ರಿಸ್ಬೇನ್‌ನ ಮೊರೆಟನ್ ಬೇ ಕಾಲೇಜಿನ ವಿದ್ಯಾರ್ಥಿನಿ ಕ್ವೆಂಟಿನ್ ಬ್ರೈಸ್ 2008ರಲ್ಲಿ ದೇಶದ ಮೊದಲ ಮಹಿಳಾ ಗವರ್ನರ್ ಜನರಲ್. (ಇಲ್ಲಿ ಪ್ರೌಢಶಾಲೆಯನ್ನೂ ‘ಕಾಲೇಜು’ ಎಂದೇ ಕರೆಯುತ್ತಾರೆ, ಗಾಬರಿಯಾಗಬೇಡಿ.)

ಈ ಶಾಲೆಗಳಲ್ಲಿ ಹೆಚ್ಚಿನವು ಕ್ಯಾಥೊಲಿಕ್, ಆಂಗ್ಲಿಕನ್ ಅಥವಾ ಖಾಸಗಿ ಆಡಳಿತದವು. ಅಡಿಲೇಡ್‌ನ ಮಿಚಮ್ ಗರ್ಲ್ಸ್ ಹೈಸ್ಕೂಲಿನಂಥ ಸರ್ಕಾರಿ ಶಾಲೆ ಅಪರೂಪ. ‘ಚರ್ಚಿನ ಶಾಲೆಯಲ್ಲಿ ನಮಗೆ ಕೆಲಸ ಕೊಡುತ್ತಾರೆಯೇ?’ ಎಂದು ಕೇಳುವವರಿದ್ದಾರೆ. ಧರ್ಮಶಿಕ್ಷಣದ ತರಗತಿಗೆ ಬೇರೆ ಅರ್ಹತೆ ಕೇಳುತ್ತಾರೆ, ನಿಜ. ಗಣಿತಕ್ಕೋ ಭೌತಶಾಸ್ತ್ರಕ್ಕೋ ಬರುವವರಿಂದ ಅವರು ಬಯಸುವುದು ಶಾಲೆಯ ಆಚಾರವಿಚಾರಕ್ಕೆ ಗೌರವ. ಮಂಗಳೂರು, ಮೈಸೂರು, ಬೆಂಗಳೂರಿನ ಕಾನ್ವೆಂಟುಗಳಲ್ಲಿ ಓದಿ ಬೆಳೆದ ನಮಗೆ ಅದು ಹೊಸದೇನಲ್ಲ. ಗಂಡಸರೂ ಈ ಶಾಲೆಗಳಲ್ಲಿ ಪಾಠ ಮಾಡುತ್ತಾರೆ, ಅವರೂ ಅರ್ಜಿ ಹಾಕಬಹುದು.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಇಲ್ಲಿ ಎರಡು ಬೇರೆ ಬೇರೆ ಕಚೇರಿಗಳಿವೆ. ಶಿಕ್ಷಕರೆಂಬ ಆಧಾರದ ಮೇಲೆ ವೀಸಾ ಪಡೆಯುವವರ ಅರ್ಹತೆಯನ್ನು ಅಳೆಯುವುದು ಎಐಟಿಎಸ್‌ಎಲ್ ಎಂಬ ರಾಷ್ಟ್ರೀಯ ಸಂಸ್ಥೆ. ತರಗತಿಯೊಳಗೆ ಕಾಲಿಡಲು ಅನುಮತಿ ಕೊಡುವುದು ರಾಜ್ಯದ ನೋಂದಣಿ ಮಂಡಳಿ: ಪರ್ತ್‌ನವರಿಗೆ ಪಶ್ಚಿಮ ಆಸ್ಟ್ರೇಲಿಯಾದ ಟೀಚರ್ ರಿಜಿಸ್ಟ್ರೇಷನ್ ಬೋರ್ಡ್, ಅಡಿಲೇಡ್‌ನವರಿಗೆ ದಕ್ಷಿಣ ಆಸ್ಟ್ರೇಲಿಯಾದ ಟೀಚರ್ಸ್ ರಿಜಿಸ್ಟ್ರೇಷನ್ ಬೋರ್ಡ್, ಬ್ರಿಸ್ಬೇನ್‌ನವರಿಗೆ ಕ್ವೀನ್ಸ್‌ಲ್ಯಾಂಡ್ ಕಾಲೇಜ್ ಆಫ್ ಟೀಚರ್ಸ್. ಗಂಡನ ಅಥವಾ ಹೆಂಡತಿಯ ವೀಸಾದ ಮೇಲೆ ಬಂದು ಕೆಲಸ ಮಾಡುವ ಹಕ್ಕು ಇದ್ದರೆ ಮೊದಲನೆಯ ಕಚೇರಿಯ ಗೊಡವೆಯೇ ಬೇಡ, ನೇರವಾಗಿ ಎರಡನೆಯದಕ್ಕೆ ಹೋಗಿ.

ಓದು ಒಟ್ಟು ನಾಲ್ಕು ವರ್ಷದ್ದಾಗಿರಬೇಕು, ಅದರಲ್ಲಿ ಕನಿಷ್ಠ ಒಂದು ವರ್ಷ ಶಿಕ್ಷಕ ತರಬೇತಿ ಇರಬೇಕು. ಮೂರು ವರ್ಷದ ಬಿ.ಎಸ್‌ಸಿ. ಅಥವಾ ಬಿ.ಎ., ಮೇಲೆ ಬಿ.ಎಡ್. ಎಂದರೆ ಲೆಕ್ಕ ಸರಿಹೋಗುತ್ತದೆ. ಪಿಯುಸಿ ಆದಮೇಲೆ ಡಿ.ಎಡ್. ಮಾತ್ರ ಮಾಡಿದವರಿಗೆ ಸಾಲದು. ಡಿಗ್ರಿ ಇದ್ದೂ ಬಿ.ಎಡ್. ಇಲ್ಲದವರಿಗೆ ಇಲ್ಲಿನ ವಿಶ್ವವಿದ್ಯಾಲಯಗಳ ಎರಡು ವರ್ಷದ ‘ಮಾಸ್ಟರ್ ಆಫ್ ಟೀಚಿಂಗ್’ ಇದೆ.

ಎಐಟಿಎಸ್‌ಎಲ್ ಇನ್ನೊಂದನ್ನು ಕೇಳುತ್ತದೆ: ತರಬೇತಿಯ ಕಾಲದಲ್ಲಿ ಮೇಲ್ವಿಚಾರಣೆಯಲ್ಲಿ ಕನಿಷ್ಠ 45 ದಿನ ತರಗತಿಯಲ್ಲಿ ಪಾಠ ಮಾಡಿದ್ದಕ್ಕೆ ದಾಖಲೆ. ನಮ್ಮ ಅಂಕಪಟ್ಟಿಯಲ್ಲಿ ಅದು ‘ಟೀಚಿಂಗ್ ಪ್ರಾಕ್ಟೀಸ್’ ಎಂದು ಅಂಕವಾಗಿ ಮಾತ್ರ ಕಾಣಬಹುದು, ದಿನಗಳ ಲೆಕ್ಕ ಇರುವುದಿಲ್ಲ. ಆದ್ದರಿಂದ ನಿಮ್ಮ ಬಿ.ಎಡ್. ಕಾಲೇಜಿನ ಪ್ರಾಂಶುಪಾಲರಿಂದ, ಕಾಲೇಜಿನ ಲೆಟರ್‌ಹೆಡ್ ಮೇಲೆ, ಯಾವ ಶಾಲೆಯಲ್ಲಿ ಎಷ್ಟು ದಿನ, ಯಾವ ತರಗತಿಗೆ, ಯಾವ ವಿಷಯ ಎಂದು ಬರೆಸಿಕೊಳ್ಳಿ. ಸಹಿ, ಮೊಹರು, ಇಮೇಲ್ ವಿಳಾಸ ಇರಲಿ. ಇದೊಂದು ಕಾಗದ ಕೈಯಲ್ಲಿದ್ದರೆ ಅರ್ಧ ತಲೆನೋವು ಕಳೆದಂತೆ. ವಿಶ್ವವಿದ್ಯಾಲಯದ ಟ್ರಾನ್ಸ್‌ಕ್ರಿಪ್ಟ್, ಕೆಲಸ ಮಾಡಿದ ಶಾಲೆಗಳ ಅನುಭವಪತ್ರ, ಭಾರತದ ಪೊಲೀಸ್ ಕ್ಲಿಯರೆನ್ಸ್ ಇವನ್ನೂ ಊರಿಗೆ ಹೋದಾಗಲೇ ಮುಗಿಸಿಕೊಂಡು ಬನ್ನಿ.

ಇಂಗ್ಲಿಷ್ ಪರೀಕ್ಷೆ ಕಠಿಣ. ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಓದು, ಬರಹಕ್ಕೆ 7, ಮಾತು ಮತ್ತು ಆಲಿಸುವಿಕೆಗೆ 8 ಬೇಕು. ಇಂಗ್ಲಿಷ್ ಮಾಧ್ಯಮದಲ್ಲಿಯೇ ಪಾಠ ಮಾಡಿದವರೂ ಮೊದಲ ಸಲ ಬರಹದಲ್ಲಿ ಅರ್ಧ ಅಂಕಕ್ಕೆ ಸೋಲಬಹುದು. ಅದಕ್ಕೆ ಮನಸ್ಸು ಮುರಿದುಕೊಳ್ಳಬಾರದು. ಅಭ್ಯಾಸ ಮಾಡಿ ಮತ್ತೆ ಬರೆಯಿರಿ. ನಿಯಮಗಳು ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ಮುನ್ನ ಆಯಾ ಮಂಡಳಿಯ ಜಾಲತಾಣವನ್ನು ನೀವೇ ಓದಿ. ವಾಟ್ಸಾಪ್ ಗುಂಪಿನ ಮಾತಿನ ಮೇಲೆ ಹಣ ಕಟ್ಟಬೇಡಿ.

ಇದೆಲ್ಲ ಮುಗಿಯುವ ತನಕ ಮನೆಯಲ್ಲಿ ಕೂರಬೇಕಾಗಿಲ್ಲ. ತರಗತಿಯಲ್ಲಿ ಶಿಕ್ಷಕರಿಗೆ ನೆರವಾಗುವ ಕೆಲಸ ಎಲ್ಲ ಕಡೆ ಇದೆ. ಬ್ರಿಸ್ಬೇನ್‌ನಲ್ಲಿ ಅದು ‘ಟೀಚರ್ ಏಡ್’, ಪರ್ತ್‌ನಲ್ಲಿ ‘ಎಜುಕೇಷನ್ ಅಸಿಸ್ಟೆಂಟ್’, ಅಡಿಲೇಡ್‌ನ ಸರ್ಕಾರಿ ಶಾಲೆಗಳಲ್ಲಿ ‘ಎಸ್‌ಎಸ್‌ಒ’. ವಿಜ್ಞಾನ ಓದಿದವರಿಗೆ ಲ್ಯಾಬ್ ಟೆಕ್ನೀಷಿಯನ್ ಹುದ್ದೆ ಇರುತ್ತದೆ. ದೂರದ ಗೋಧಿ ಹೊಲ, ಜಾನುವಾರು ಫಾರಂಗಳಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗಿಯರನ್ನು ನೋಡಿಕೊಳ್ಳಲು ಬೋರ್ಡಿಂಗ್ ಹೌಸಿನವರೂ ಜನ ಹುಡುಕುತ್ತಾರೆ. ಇಂಥ ಕೆಲಸಕ್ಕೂ ಮಕ್ಕಳೊಂದಿಗೆ ಕೆಲಸ ಮಾಡುವ ಪರವಾನಗಿ ಬೇಕು. ಕ್ವೀನ್ಸ್‌ಲ್ಯಾಂಡಿನಲ್ಲಿ ಅದನ್ನು ‘ಬ್ಲೂ ಕಾರ್ಡ್’ ಎನ್ನುತ್ತಾರೆ. 2020ರಿಂದ ಅಲ್ಲಿ ಕಾರ್ಡು ಕೈಗೆ ಬರದೆ ಕೆಲಸ ಶುರುಮಾಡುವಂತಿಲ್ಲ.

ಎಂ.ಎಸ್‌ಸಿ. ಮಾಡಿದವರು ‘ಏಡ್’ ಕೆಲಸ ಮಾಡುವುದೇ ಎಂದು ನಮ್ಮವರಿಗೆ ಸಂಕೋಚ. ಸಂಕೋಚ ಬೇಡ. ಇಲ್ಲಿನ ಹುಡುಗಿಯರು ಹೇಗೆ ಮಾತಾಡುತ್ತಾರೆ, ಟೀಚರು ದನಿ ಏರಿಸದೆ ತರಗತಿಯನ್ನು ಹೇಗೆ ಹಿಡಿದಿಡುತ್ತಾರೆ ಎಂಬುದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ. ನೋಂದಣಿ ಆದಮೇಲೂ ಮೊದಲು ರಜೆಯಲ್ಲಿರುವವರ ಬದಲಿಗೆ ದಿನದ ಲೆಕ್ಕದಲ್ಲಿ ಹೋಗುವುದು ಒಳ್ಳೆಯದು. ಪರ್ತ್‌ನಲ್ಲಿ ಇದು ‘ರಿಲೀಫ್’, ಬ್ರಿಸ್ಬೇನ್‌ನಲ್ಲಿ ‘ಸಪ್ಲೈ’, ಅಡಿಲೇಡ್‌ನಲ್ಲಿ ‘ಟಿಆರ್‌ಟಿ’. ಬೆಳಿಗ್ಗೆ ಆರೂವರೆಗೆ ಫೋನು ಬರುತ್ತದೆ, ಎಂಟಕ್ಕೆ ಶಾಲೆಯಲ್ಲಿರಬೇಕು. ಹೀಗೆ ಹೋಗಿ ಬಂದು ಮುಖಪರಿಚಯವಾದವರನ್ನು ಜಾಗ ಖಾಲಿಯಾದಾಗ ಶಾಲೆಯವರು ನೆನೆಯುತ್ತಾರೆ.

ಈ ಶಾಲೆಗಳ ಕೆಲಸ ಪಾಠಕ್ಕೆ ಮುಗಿಯುವುದಿಲ್ಲ. ಶನಿವಾರ ನೆಟ್‌ಬಾಲ್ ತಂಡದ ಜೊತೆ ಹೋಗಬೇಕು, ಕ್ಯಾಂಪಿನಲ್ಲಿ ಟೆಂಟಿನಲ್ಲಿ ಮಲಗಬೇಕು, ಸಂಜೆ ನಾಟಕದ ತಾಲೀಮಿಗೆ ಕಾಯಬೇಕು. ಊಟ ಬಿಟ್ಟ ಹುಡುಗಿ, ಗೆಳತಿಯರಿಂದ ದೂರವಾದ ಹುಡುಗಿ, ಅಂಕದ ಭಯಕ್ಕೆ ನಿದ್ದೆಗೆಟ್ಟ ಹುಡುಗಿ, ಇವರನ್ನು ಮೊದಲು ಗುರುತಿಸಬೇಕಾದವರು ಕ್ಲಾಸ್ ಟೀಚರೇ. ಅಪಾಯದ ಸುಳಿವು ಕಂಡರೆ ವರದಿ ಮಾಡುವುದು ಕಾನೂನಿನ ಪ್ರಕಾರ ನಿಮ್ಮ ಕರ್ತವ್ಯ. ‘ಅವರ ಮನೆಯ ವಿಷಯ, ನಮಗೇಕೆ’ ಎಂದು ಸುಮ್ಮನಾಗುವ ಅಭ್ಯಾಸವಿದ್ದರೆ ಅದನ್ನು ಬಿಡಲೇಬೇಕು.

ಇಷ್ಟು ಕಷ್ಟವಿದ್ದರೂ ಇದು ತೃಪ್ತಿಯ ಕೆಲಸ ಎನ್ನುವುದಕ್ಕೆ ನನ್ನ ಕಾರಣ ಸರಳ. ಭೌತಶಾಸ್ತ್ರದ ಲ್ಯಾಬಿನಲ್ಲಿ ಸರ್ಕ್ಯೂಟ್ ಜೋಡಿಸುವವಳು, ಚರ್ಚಾಕೂಟದಲ್ಲಿ ಎದುರಾಳಿಯನ್ನು ಸೋಲಿಸುವವಳು, ದೋಣಿಗೆ ಹುಟ್ಟು ಹಾಕುವವಳು, ಎಲ್ಲರೂ ಹುಡುಗಿಯರೇ. ‘ಇದು ಹುಡುಗರ ಕೆಲಸ’ ಎಂಬ ಮಾತಿಗೆ ಅಲ್ಲಿ ಜಾಗವೇ ಇಲ್ಲ. ಲೆಕ್ಕಕ್ಕೆ ಹೆದರುತ್ತಿದ್ದ ಒಬ್ಬಳು ಹನ್ನೆರಡನೆಯ ತರಗತಿಯಲ್ಲಿ ಕಠಿಣ ಗಣಿತವನ್ನು ತಾನಾಗಿ ಆರಿಸಿಕೊಂಡಾಗ ಆಗುವ ಸಂತೋಷ ದೊಡ್ಡದು. ಸೀರೆ ಉಡುವ ಅಮ್ಮನ ಮಗಳೊಬ್ಬಳು ತನ್ನಂತೆಯೇ ಕಾಣುವ ಟೀಚರನ್ನು ತರಗತಿಯಲ್ಲಿ ನೋಡುವುದೂ ಸಣ್ಣ ಸಂಗತಿಯಲ್ಲ.

ಸಂದರ್ಶನಕ್ಕೆ ಒಂದು ಮಾತು. ಇಲ್ಲಿ ತತ್ತ್ವ ಕೇಳುವುದಿಲ್ಲ, ಉದಾಹರಣೆ ಕೇಳುತ್ತಾರೆ. ಹಿಂದುಳಿದ ವಿದ್ಯಾರ್ಥಿಗೆ ನೀವು ಏನು ಮಾಡಿದಿರಿ, ಅದರಿಂದ ಏನಾಯಿತು ಎಂದು ಬಿಡಿಸಿ ಹೇಳಬೇಕು. ದಾವಣಗೆರೆಯ ಅರವತ್ತು ಮಕ್ಕಳ ತರಗತಿಯ ಅನುಭವವೂ ಅನುಭವವೇ. ಅದನ್ನು ಮುಚ್ಚಿಡದೆ ಧೈರ್ಯವಾಗಿ ಹೇಳಿ. ಗಣಿತ, ಭೌತಶಾಸ್ತ್ರದ ಶಿಕ್ಷಕರಿಗೆ ಕೊರತೆ ಇದೆ. ಹುಡುಗಿಯರ ಶಾಲೆಗಳ ಸಂಖ್ಯೆ ಮಿತವಾದ್ದರಿಂದ ಸಹಶಿಕ್ಷಣದ ಶಾಲೆಗಳಿಗೂ ಅರ್ಜಿ ಹಾಕುತ್ತಿರಿ.

ಶಾಲಾ ವರ್ಷ ಶುರುವಾಗುವುದು ಜನವರಿ ಕೊನೆಯಲ್ಲಿ ಅಥವಾ ಫೆಬ್ರವರಿ ಮೊದಲಲ್ಲಿ. ಮುಂದಿನ ವರ್ಷದ ಹುದ್ದೆಗಳ ಜಾಹೀರಾತು ಹೆಚ್ಚಾಗಿ ಮೂರನೆಯ, ನಾಲ್ಕನೆಯ ಟರ್ಮಿನಲ್ಲಿ, ಅಂದರೆ ಜುಲೈ ನಂತರ ಬರುತ್ತದೆ. ಆ ಹೊತ್ತಿಗೆ ನೋಂದಣಿ ಕೈಯಲ್ಲಿರಬೇಕಾದರೆ ಕಾಗದಗಳ ಕೆಲಸ ತಿಂಗಳುಗಳ ಮೊದಲೇ ಆರಂಭವಾಗಬೇಕು. ಈ ವಾರವೇ ನಿಮ್ಮ ಬಿ.ಎಡ್. ಕಾಲೇಜಿಗೆ ಪತ್ರ ಬರೆಯಿರಿ.