ಹೊಸ ಕಂಪ್ಯೂಟರ್, ಬೇಡದ ತಂತ್ರಾಂಶ
ಮಗಳ ಓದಿಗೆಂದು ತಂದ ಲ್ಯಾಪ್‌ಟಾಪ್ ಅಗಲ್ಪಾಡಿಯ ಮನೆ ತಲುಪಿದ ಮೊದಲ ವಾರವೇ ತಡವರಿಸುತ್ತಿದೆ ಎಂದು ಬರೆದಿದ್ದೀರಿ. ಯಂತ್ರ ಕೆಟ್ಟಿರಲಾರದು. ಕಂಪನಿಯೇ ತುಂಬಿಸಿ ಕೊಟ್ಟ ಪ್ರಾಯೋಗಿಕ ಆಂಟಿವೈರಸ್, ಆಟ, ಜಾಹೀರಾತುಗಳು ಆನ್ ಮಾಡಿದೊಡನೆ ಎದ್ದು ಮೆಮೊರಿ ನುಂಗುತ್ತವೆ. ಇದು ಬರೀ ಕಿರಿಕಿರಿಯಲ್ಲ. ಲೆನೊವೊದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೊದಲೇ ಹಾಕಿದ್ದ ಸೂಪರ್‌ಫಿಶ್ ಎಂಬ ತಂತ್ರಾಂಶ, ಬ್ಯಾಂಕಿನಂಥ ಸುರಕ್ಷಿತ ಸಂಪರ್ಕವನ್ನೂ ಭೇದಿಸುವಂತಿತ್ತೆಂಬುದು 2015ರಲ್ಲಿ ಬಯಲಾಯಿತು.

ಸೆಟ್ಟಿಂಗ್ಸ್‌ನ ಆಪ್ಸ್ ಪಟ್ಟಿ ತೆರೆದು ಬೇಡದ್ದನ್ನು ಅನ್‌ಇನ್‌ಸ್ಟಾಲ್ ಮಾಡಿ. ಆಂಟಿವೈರಸ್ ತೆಗೆಯಲು ಹೆದರಬೇಡಿ, ವಿಂಡೋಸ್‌ನ ಡಿಫೆಂಡರ್ ತಾನಾಗಿ ಕಾವಲಿಗೆ ನಿಲ್ಲುತ್ತದೆ. ಅಷ್ಟು ಸಾಲದಿದ್ದರೆ ಕಡತಗಳನ್ನು ಬೇರೆಡೆ ಉಳಿಸಿಕೊಂಡು, ಪೆನ್‌ಡ್ರೈವ್‌ನಿಂದ ವಿಂಡೋಸನ್ನು ಹೊಸದಾಗಿ ಹಾಕಿ. ವಿಂಡೋಸ್ ಸಮೇತ ಬಂದ ಯಂತ್ರವಾದರೆ ಲೈಸೆನ್ಸ್ ಕೀ ಸಾಮಾನ್ಯವಾಗಿ ಮದರ್‌ಬೋರ್ಡ್‌ನಲ್ಲೇ ಇರುತ್ತದೆ, ಮತ್ತೆ ದುಡ್ಡು ತೆರಬೇಕಿಲ್ಲ. ವೈಫೈ ಡ್ರೈವರ್ ಮಾತ್ರ ಮೊದಲೇ ಇಳಿಸಿಟ್ಟುಕೊಳ್ಳಿ, ಇಲ್ಲದಿದ್ದರೆ ನೆಟ್ ಇಲ್ಲದೆ ಒದ್ದಾಡಬೇಕಾದೀತು.

ಬಿಡಿಭಾಗ ತಂದು ಡೆಸ್ಕ್‌ಟಾಪ್ ಜೋಡಿಸಿದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ, ನಿಜ. ಆದರೆ ಪ್ರತಿ ಭಾಗಕ್ಕೂ ಬೇರೆ ವಾರಂಟಿ. ಕೆಟ್ಟದ್ದು ಯಾವುದೆಂದು ನೀವೇ ಪತ್ತೆ ಹಚ್ಚಿ ಕಾಸರಗೋಡಿಗೋ ಮಂಗಳೂರಿಗೋ ಹೊತ್ತೊಯ್ಯಬೇಕು. ಓದಿನ ಕೆಲಸಕ್ಕೆ ಅಷ್ಟು ಪಾಡು ಬೇಡವೆನ್ನುತ್ತೇನೆ. ವಿಂಡೋಸೇ ಬೇಕೆಂದಿಲ್ಲದಿದ್ದರೆ ಇನ್ನೊಂದು ದಾರಿಯಿದೆ: ಕೇರಳದ ಶಾಲೆಗಳಿಗೆ ಕೈಟ್ ಸಂಸ್ಥೆ ಕೊಡುವ, ಉಬುಂಟು ಆಧಾರಿತ ಕಾರ್ಯಾಚರಣಾ ವ್ಯವಸ್ಥೆ ಉಚಿತ. ಅದನ್ನು ಮನೆಯಲ್ಲೂ ಹಾಕಬಹುದು, ಕನ್ನಡ ಟೈಪಿಂಗೂ ಆಗುತ್ತದೆ. ಶಾಲೆಯಲ್ಲಿ ಬಳಸಿದ್ದರೆ ಮಗಳೇ ನಿಮಗೆ ತೋರಿಸಿಕೊಟ್ಟಾಳು.